‘ಏನೋ ಸಾಲದು’ ಎಂಬುದರ ಹೆಸರು

ಸಂಜೆ ಏಳು ಗಂಟೆಯ ಸಮಯ. ಜಾಲಹಳ್ಳಿಯ ಬೀದಿಗಳಲ್ಲಿ ದೀಪಗಳು ಹೊತ್ತಿಕೊಂಡಿವೆ. ಮೆಟ್ರೋ ನಿಲ್ದಾಣದಿಂದ ಇಳಿದು ಬಂದವರು ಸೊಪ್ಪಿನ ಗಾಡಿಯ ಮುಂದೆ ಒಂದು ಕ್ಷಣ ನಿಂತು, ದಂಟಿನ ಸೊಪ್ಪನ್ನೋ ಸಬ್ಬಸಿಗೆಯನ್ನೋ ಒಂದು ಕಟ್ಟು ಕೊಂಡು ಮನೆಯತ್ತ ಹೆಜ್ಜೆ ಹಾಕುತ್ತಾರೆ. ಇಂಥ ಹೊತ್ತಿನಲ್ಲಿ ಆ ಬಡಾವಣೆಯ ಯಾವುದಾದರೊಂದು ಮನೆಯ ಅಡಿಗೆಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಒಲೆಯ ಮೇಲೆ ಸಾರು ಕುದಿಯುತ್ತಿದೆ. ಸೊಸೆ ಸೌಟಿನ ತುದಿಯಿಂದ ಎರಡು ಹನಿಯನ್ನು ಅತ್ತೆಯ ಅಂಗೈಗೆ ಬಿಡುತ್ತಾಳೆ.

“ಅತ್ತೆ, ರುಚಿ ಸರಿಯಾಗಿದೆಯೇ ನೋಡಿ.”

ಅತ್ತೆ ನಾಲಗೆಗೆ ತಾಕಿಸಿ, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿರುತ್ತಾರೆ. “ಹುಳಿ ಸರಿಯಾಗಿದೆ ಕಣಮ್ಮಾ. ಖಾರವೂ ಹದವಾಗಿದೆ. ಡಾಕ್ಟರು ಹೇಳಿದಷ್ಟೇ ಉಪ್ಪು ಹಾಕಿದ್ದೀಯೆ, ಅದೂ ಸರಿಯೇ. ಆದರೆ ಏನೋ ಸಾಲದು.”

ಏನು ಸಾಲದು? ಅದನ್ನು ಅತ್ತೆ ಹೇಳಲಾರರು, ಸೊಸೆ ಕೇಳಲಾರಳು. ನಡುಮನೆಯಲ್ಲಿ ಕುಳಿತ ಮಾವನವರಿಗೆ ರಕ್ತದ ಒತ್ತಡ. ಉಪ್ಪನ್ನು ಅರ್ಧಕ್ಕೆ ಇಳಿಸಬೇಕೆಂದು ವೈದ್ಯರ ಅಪ್ಪಣೆಯಾದ ದಿನದಿಂದ ಅವರ ಊಟವೂ ಅರ್ಧಕ್ಕೆ ಇಳಿದಿದೆ. ತಟ್ಟೆಯ ಮುಂದೆ ಕುಳಿತು, ನಾಲ್ಕು ತುತ್ತು ತಿಂದು, ‘ಸಪ್ಪೆ’ ಎಂಬ ಒಂದೇ ಮಾತನ್ನಾಡಿ ಕೈ ತೊಳೆದು ಬಿಡುತ್ತಾರೆ. ವಯಸ್ಸಾದವರು ಊಟ ಬಿಡುವುದು ಮನೆಗೆ ಸಣ್ಣ ಚಿಂತೆಯಲ್ಲ.

ಇಂಥ ದೃಶ್ಯ ಜಾಲಹಳ್ಳಿಯಲ್ಲಿ ಮಾತ್ರವಲ್ಲ, ಎಷ್ಟೋ ಮನೆಗಳಲ್ಲಿ ನಡೆಯುತ್ತಿರುತ್ತದೆ. ಅತ್ತೆಯವರ ಬಾಯಲ್ಲಿ ಹೆಸರಿಲ್ಲದೆ ಉಳಿದ ಆ ‘ಏನೋ’ ಎಂಬುದಕ್ಕೆ ಹೆಸರಿಟ್ಟ ಕೀರ್ತಿ ಜಪಾನೀಯರದು. ಅವರ ಮಾತಿನ ಒಂದು ಪುಟ್ಟ ಗುಣವಾಚಕದಿಂದ ಆ ಹೆಸರು ಹುಟ್ಟಿತು. ಆ ಗುಣವಾಚಕ ‘ಉಮೈ’.

ಗಡಿಯಾರದ ಊರಿಗೆ ಬಂದ ಜಪಾನು

ಜಾಲಹಳ್ಳಿಗೂ ಜಪಾನಿಗೂ ಹಳೆಯ ನಂಟು. 1953ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪೆನಿಯ ನೆರವಿನಿಂದ ಇಲ್ಲಿ ಯಂತ್ರೋಪಕರಣಗಳನ್ನು ತಯಾರಿಸಲು ತೊಡಗಿತು. 1961ರಲ್ಲಿ ಅದೇ ಸಂಸ್ಥೆ ಜಪಾನಿನ ಸಿಟಿಜನ್ ಕಂಪೆನಿಯ ತಾಂತ್ರಿಕ ಸಹಕಾರ ಪಡೆದು ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮೊದಲ ಕಂತಿನ ಗಡಿಯಾರಗಳನ್ನು ಪ್ರಧಾನಿ ಜವಾಹರಲಾಲ್ ನೆಹರೂ ಬಿಡುಗಡೆ ಮಾಡಿದರು. ‘ಜನತಾ’, ‘ಪೈಲಟ್’, ‘ಸೋನಾ’, ‘ಕಾಂಚನ’ ಮೊದಲಾದ ಹೆಸರುಗಳು ಮನೆಮಾತಾದವು. ಮದುವೆಯ ಗಂಡಿಗೆ ಎಚ್.ಎಂ.ಟಿ. ಕಟ್ಟುವುದು ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಶಾಸ್ತ್ರವೇ ಆಯಿತು. ಕಾಲ ತಿರುಗಿತು. 2016ರಲ್ಲಿ ಕೇಂದ್ರ ಸರಕಾರ ಗಡಿಯಾರದ ವಿಭಾಗವನ್ನು ಮುಚ್ಚುವ ತೀರ್ಮಾನ ಕೈಗೊಂಡಿತು. ಇಂದು ಆ ವೈಭವದ ನೆನಪುಗಳನ್ನು ಜಾಲಹಳ್ಳಿಯ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಜಪಾನಿನ ಕೌಶಲ ಹೀಗೆ ಜಾಲಹಳ್ಳಿಯ ಮಣಿಕಟ್ಟಿಗೆ ಬಂದಿತು. ಆದರೆ ಜಪಾನಿನ ಈ ರುಚಿಯ ಶಬ್ದ ಇಲ್ಲಿನ ಮನೆಗಳನ್ನು ತಲುಪಲು ಇನ್ನೂ ಹಲವು ದಶಕಗಳು ಹಿಡಿದವು. ಸ್ವಾರಸ್ಯವೆಂದರೆ, ಗಡಿಯಾರದ ಸೂಕ್ಷ್ಮ ಭಾಗಗಳನ್ನು ಚಾಕಚಕ್ಯದಿಂದ ಜೋಡಿಸಬಲ್ಲ ಕೆಲಸಗಾರನನ್ನು ಹೊಗಳಲೂ ಜಪಾನೀಯರು ಬಳಸುವುದು ‘ಉಮೈ’ ಎಂಬ ಪದವನ್ನೇ. ಬರೆಯುವಾಗ ಲಿಪಿಚಿಹ್ನೆ ಬೇರೆಯಾಗುತ್ತದೆ, ಉಚ್ಚಾರ ಒಂದೇ. ಚೆನ್ನಾಗಿ ಹಾಡುವವಳು ಉಮೈ, ಚೆನ್ನಾಗಿ ಚಿತ್ರ ಬರೆಯುವವನು ಉಮೈ, ನಾಲಗೆಗೆ ಹಿತವಾದ ಸಾರೂ ಉಮೈ. ನಮ್ಮಲ್ಲಿ ‘ಕೈರುಚಿ’ ಎನ್ನುವಾಗ ಕೈಯನ್ನೂ ರುಚಿಯನ್ನೂ ಒಂದೇ ಮಾತಿನಲ್ಲಿ ಹೆಣೆಯುತ್ತೇವಲ್ಲವೇ? ಹಾಗೆಯೇ ಇದು.

ಒಂದು ಶಬ್ದದ ವಂಶಾವಳಿ

ಉಮೈ ಹಳೆಯ ಪದ. ಎಂಟನೆಯ ಶತಮಾನದ ‘ಮನ್ಯೋಶೂ’ ಎಂಬ ಪದ್ಯಸಂಕಲನದಲ್ಲಿ ಅದರ ಪೂರ್ವರೂಪವಾದ ‘ಉಮಶಿ’ ಕಾಣಸಿಗುತ್ತದೆ. ಅಲ್ಲಿ ಅದು ತಿನಿಸನ್ನು ಹೊಗಳುವ ಮಾತಲ್ಲ, ನಾಡನ್ನು ಹೊಗಳುವ ಮಾತು. ಕನ್ನಡದಲ್ಲಿ ನುಡಿಯನ್ನು ‘ಸವಿನುಡಿ’ ಎನ್ನುವಂತೆ, ಅಲ್ಲಿ ದೇಶವೇ ಸವಿಯಾದದ್ದು.

ಇಂದಿನ ಜಪಾನಿನಲ್ಲಿ ಉಮೈ ಸ್ವಲ್ಪ ಸಲಿಗೆಯ ಮಾತು. ಗೆಳೆಯರ ನಡುವೆ, ಅದರಲ್ಲೂ ಗಂಡಸರ ಬಾಯಲ್ಲಿ, ಹೆಚ್ಚಾಗಿ ಕೇಳಿಬರುತ್ತದೆ. ನೆಂಟರ ಮನೆಯಲ್ಲಿ ಉಣ್ಣುವಾಗ ‘ಒಯಿಶೀ’ ಎನ್ನುವುದು ಮರ್ಯಾದೆ. ಆ ಪದ ಹಿಂದೆ ಅರಮನೆಯ ಸ್ತ್ರೀಯರ ನುಡಿಯಿಂದ ಜನಬಳಕೆಗೆ ಇಳಿದು ಬಂದದ್ದು. ಉಮೈ ಎಂಬ ಗುಣವಾಚಕದ ಕೊನೆಯ ಅಕ್ಷರವನ್ನು ತೆಗೆದು ‘ಮಿ’ ಎಂಬ ಪ್ರತ್ಯಯವನ್ನು ಹಚ್ಚಿದರೆ ‘ಉಮಾಮಿ’ ಎಂಬ ನಾಮಪದವಾಗುತ್ತದೆ. ಸಿಹಿಯಾದದ್ದರ ಗುಣ ಸಿಹಿತನವಾದಂತೆ, ಉಮೈ ಆದದ್ದರ ಗುಣ ಉಮಾಮಿ.

ಜಪಾನೀ ಅಡಿಗೆಮನೆಯ ಉಳಿದ ಗುಣವಾಚಕಗಳೂ ಕನ್ನಡಿಗರ ಕಿವಿಗೆ ಮೋಜೆನಿಸುತ್ತವೆ. ಸಿಹಿಗೆ ‘ಅಮೈ’, ಹುಳಿಗೆ ‘ಸುಪ್ಪೈ’, ಕಹಿಗೆ ‘ನಿಗೈ’. ಖಾರಕ್ಕೆ ‘ಕರೈ’ ಎನ್ನುತ್ತಾರೆ. ಕೇಳಿದವರು ನಮ್ಮ ‘ಖಾರ’ವೇ ಹಡಗು ಹತ್ತಿ ಹೋಯಿತೇನೋ ಎಂದುಕೊಳ್ಳಬಹುದು, ಆದರೆ ನಮ್ಮ ಖಾರ ಸಂಸ್ಕೃತದ ‘ಕ್ಷಾರ’ದಿಂದ ಬಂದದ್ದು, ಈ ಹೋಲಿಕೆ ಕೇವಲ ಕಾಕತಾಳೀಯ. ಇನ್ನೊಂದು ಪದ ‘ಸಪ್ಪರಿ’. ನಮ್ಮ ‘ಸಪ್ಪೆ’ಯ ಅಣ್ಣನಂತೆ ಧ್ವನಿಸುವ ಈ ಮಾತು ಅಲ್ಲಿ ದೂರಲ್ಲ, ಹೊಗಳಿಕೆ: ಜಿಡ್ಡಿಲ್ಲದೆ, ಭಾರವಿಲ್ಲದೆ, ಬಾಯಿಯನ್ನು ಹಸನುಗೊಳಿಸುವ ರುಚಿಗೆ ಆ ಹೆಸರು. ಜಾಲಹಳ್ಳಿಯ ಮಾವನವರು ಉಪ್ಪಿಲ್ಲದ ಸಾರಿಗೆ ‘ಸಪ್ಪೆ’ ಎಂದು ಮುಖ ಸಿಂಡರಿಸುವಾಗ ತೋಕಿಯೋದ ಹಿರಿಯರೊಬ್ಬರು ತಿಳಿಯಾದ ಬಿಸಿನೀರಿನಂಥ ಸಾರನ್ನು ಗುಟುಕರಿಸಿ ‘ಸಪ್ಪರಿ’ ಎಂದು ಮೆಚ್ಚಿರಬಹುದು. ಆ ತಿಳಿಯಾದ ನೀರಿನೊಳಗೆ ಅಡಗಿರುವುದೇ ಉಮಾಮಿ.

ಪ್ರಾಧ್ಯಾಪಕರ ಬೋಗುಣಿ

ಜಪಾನೀ ಅಡಿಗೆಯ ಅಡಿಪಾಯ ‘ದಾಶಿ’ ಎಂಬ ತಿಳಿಸಾರು. ಕೊಂಬು ಎಂಬ ಕಡಲಪಾಚಿಯ ಒಣ ಹಾಳೆಯನ್ನು ನೀರಿನಲ್ಲಿ ನೆನೆಸಿ, ಕುದಿ ಬರುವ ಮುನ್ನವೇ ತೆಗೆದುಬಿಡುತ್ತಾರೆ. ಬಳಿಕ ಹೊಗೆಯಲ್ಲಿ ಒಣಗಿಸಿದ ಬೊನಿಟೊ ಮೀನಿನ ತೆಳು ಹೆರಕಲುಗಳನ್ನು ಹಾಕಿ ಸೋಸಿಕೊಳ್ಳುತ್ತಾರೆ. ನೋಡಲು ಎಳೆ ಚಹಾದ ಬಣ್ಣ. ಕುಡಿದರೆ ಬಾಯಿ ತುಂಬುವ ಸವಿ.

ಈ ಸವಿ ಯಾವುದರದು ಎಂಬ ಪ್ರಶ್ನೆ ತೋಕಿಯೋ ಇಂಪೀರಿಯಲ್ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಕಿಕುನಾಯೆ ಇಕೆದಾ ಅವರನ್ನು ಕಾಡಿತು. 1864ರಲ್ಲಿ ಕ್ಯೋತೋ ನಗರದಲ್ಲಿ ಹುಟ್ಟಿದ ಇಕೆದಾ, ಜರ್ಮನಿಯ ಲೈಪ್ಸಿಗ್ ನಗರದಲ್ಲಿ ಪ್ರಖ್ಯಾತ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡರ ಬಳಿ ಅಭ್ಯಾಸ ಮಾಡಿದವರು. 1901ರಲ್ಲಿ ಲಂಡನ್ನಿನಲ್ಲಿ ಕೆಲಕಾಲ ಅವರು ತಂಗಿದ್ದ ಮನೆಯಲ್ಲೇ ಜಪಾನಿನ ಮಹಾಕಾದಂಬರಿಕಾರ ನತ್ಸುಮೆ ಸೋಸೆಕಿಯೂ ಬಿಡಾರ ಹೂಡಿದ್ದರು. ತಾಯ್ನಾಡಿಗೆ ಹಿಂತಿರುಗಿದ ಇಕೆದಾರಿಗೆ ತಮ್ಮ ಜನರ ಊಟ ಬಡವಾದದ್ದೆಂಬ ಕೊರಗು. ರುಚಿಯಾದ ಆಹಾರ ಚೆನ್ನಾಗಿ ಜೀರ್ಣವಾಗುತ್ತದೆಂಬ ಮಾತನ್ನು ಓದಿದ್ದ ಅವರು, ಬಡವರ ಸಾದಾ ಊಟಕ್ಕೂ ಸವಿ ತರುವ ವಸ್ತುವೊಂದು ಅಗ್ಗವಾಗಿ ದೊರೆತರೆ ಎಷ್ಟು ಚೆನ್ನ ಎಂದು ಯೋಚಿಸಿದರು.

ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕೇ ಮೂಲರುಚಿಗಳೆಂದು ಆಗಿನ ಪಾಶ್ಚಾತ್ಯ ವಿಜ್ಞಾನ ನಂಬಿತ್ತು. ಟೊಮೆಟೊ, ಗಿಣ್ಣು, ಮಾಂಸ ಇವುಗಳಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೊಂದು ರುಚಿ ಈ ನಾಲ್ಕರ ಗೂಡಿಗೆ ಸೇರುವುದಿಲ್ಲವೆಂದೂ, ದಾಶಿಯಲ್ಲಿ ಅದು ಎದ್ದು ಕಾಣುವುದೆಂದೂ ಇಕೆದಾ ತರ್ಕಿಸಿದರು. ಪ್ರಯೋಗಶಾಲೆಯಲ್ಲಿ ಕೊಂಬುವನ್ನು ಕುದಿಸಿ, ಬತ್ತಿಸಿ, ಉಪ್ಪನ್ನು ಬೇರ್ಪಡಿಸಿ, ಹರಳುಗಟ್ಟಿಸಿ, ಕೊನೆಗೆ 1908ರಲ್ಲಿ ಸುಮಾರು 30 ಗ್ರಾಂ ಹರಳುಗಳನ್ನು ಕೈಗೆ ತಂದುಕೊಂಡರು. ಅವು ಗ್ಲುಟಾಮಿಕ್ ಆಮ್ಲದ ಹರಳುಗಳು.

ಆ ವಸ್ತು ಹೊಸದಲ್ಲ. 1866ರಲ್ಲಿಯೇ ಜರ್ಮನಿಯ ರಿಟ್‌ಹೌಸೆನ್ ಎಂಬ ವಿಜ್ಞಾನಿ ಗೋಧಿಯ ಅಂಟಿನಿಂದ, ಅಂದರೆ ‘ಗ್ಲುಟೆನ್’ನಿಂದ, ಅದನ್ನು ಬೇರ್ಪಡಿಸಿ ಹೆಸರಿಟ್ಟಿದ್ದ. ಆದರೆ ಅದರ ಲವಣವೇ ನಾಲಗೆಯ ಆ ನಿಗೂಢ ಸವಿಗೆ ಕಾರಣವೆಂದು ಕಂಡವರು ಇಕೆದಾ. ಆ ರುಚಿಗೆ ಏನೆಂದು ಹೆಸರಿಡುವುದು? ಗ್ರೀಕ್ ಲ್ಯಾಟಿನ್ನುಗಳ ಹಂಗಿಗೆ ಅವರು ಹೋಗಲಿಲ್ಲ. ತಮ್ಮ ಜನ ಊಟದ ನಡುವೆ ಸಹಜವಾಗಿ ಉದ್ಗರಿಸುವ ‘ಉಮೈ’ ಎಂಬ ಮಾತಿನಿಂದಲೇ ಹುಟ್ಟಿದ ಉಮಾಮಿಯನ್ನು ಆರಿಸಿಕೊಂಡು ಅದಕ್ಕೆ ಶಾಸ್ತ್ರೀಯ ಅರ್ಥ ಕೊಟ್ಟರು.

ಮುಂದಿನ ಕೆಲಸವನ್ನು ಇತರರು ಮುಂದುವರಿಸಿದರು. 1913ರಲ್ಲಿ ಇಕೆದಾರ ಶಿಷ್ಯ ಶಿಂತಾರೋ ಕೊದಾಮಾ, ಒಣಗಿಸಿದ ಬೊನಿಟೊ ಮೀನಿನಲ್ಲಿ ಇನೊಸಿನೇಟ್ ಎಂಬ ಇನ್ನೊಂದು ಉಮಾಮಿ ವಸ್ತುವನ್ನು ಕಂಡುಹಿಡಿದರು. 1950ರ ದಶಕದ ಕೊನೆಗೆ ಅಕಿರಾ ಕುನಿನಾಕಾ ಅವರು ಗ್ವಾನಿಲೇಟ್ ಎಂಬ ಮೂರನೆಯದರ ರುಚಿಯನ್ನು ಗುರುತಿಸಿದರು. ಅದು ಒಣಗಿದ ಶಿಯಿತಾಕೆ ಅಣಬೆಯಲ್ಲಿ ಹೇರಳವಾಗಿರುವಂಥದು. ಈ ವಸ್ತುಗಳು ಗ್ಲುಟಮೇಟಿನೊಡನೆ ಕೂಡಿದಾಗ ರುಚಿ ಕೇವಲ ಸೇರುವುದಿಲ್ಲ, ಹಲವು ಪಟ್ಟು ಹೆಚ್ಚುತ್ತದೆಂಬ ಸೋಜಿಗವೂ ತಿಳಿದುಬಂತು. ಕಡಲಪಾಚಿಗೆ ಮೀನನ್ನೋ ಅಣಬೆಯನ್ನೋ ಜೊತೆ ಮಾಡುತ್ತಿದ್ದ ಜಪಾನೀ ಅಜ್ಜಿಯರು ಈ ಲೆಕ್ಕವನ್ನು ಶತಮಾನಗಳ ಹಿಂದೆಯೇ ನಾಲಗೆಯ ಮೇಲೆ ಮಾಡಿಟ್ಟಿದ್ದರು!

ಪಾಶ್ಚಾತ್ಯ ಜಗತ್ತು ಮಾತ್ರ ಬಹುಕಾಲ ಒಪ್ಪಲಿಲ್ಲ. ಉಮಾಮಿ ಸ್ವತಂತ್ರ ರುಚಿಯಲ್ಲ, ಉಳಿದ ರುಚಿಗಳಿಗೆ ಮೆರುಗು ಕೊಡುವ ಗುಣವಷ್ಟೇ ಎಂದು ವಾದಿಸಿತು. 2000 ಮತ್ತು 2002ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲಗೆಯ ರುಚಿಮೊಗ್ಗುಗಳಲ್ಲಿ ಗ್ಲುಟಮೇಟನ್ನು ಗುರುತಿಸುವ ಗ್ರಾಹಕಗಳನ್ನು ವಿವರಿಸಿದ ಮೇಲೆ ಆ ವಾದ ನಿಂತಿತು. ಒಂದು ಗುಣವಾಚಕಕ್ಕೆ ನಾಲಗೆಯ ಮೇಲೆ ತನ್ನದೇ ಸ್ಥಾನವಿದೆಯೆಂದು ರುಜುವಾತಾಗಲು ಸುಮಾರು ತೊಂಬತ್ತು ವರ್ಷ ಬೇಕಾಯಿತು.

ಆರು ರಸಗಳ ನಾಡಿನಲ್ಲಿ

ನಮ್ಮ ಹಿರಿಯರು ರುಚಿಯ ವಿಷಯದಲ್ಲಿ ಪಾಶ್ಚಾತ್ಯರಿಗಿಂತ ಧಾರಾಳಿಗಳು. ಆಯುರ್ವೇದ ಮಧುರ, ಅಮ್ಲ, ಲವಣ, ಕಟು, ತಿಕ್ತ, ಕಷಾಯವೆಂದು ಆರು ರಸಗಳನ್ನು ಎಣಿಸಿತು. ಕನ್ನಡದಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇವುಗಳಲ್ಲಿ ಖಾರ ವಾಸ್ತವವಾಗಿ ರುಚಿಯಲ್ಲ, ಬಾಯಿಯ ನರಗಳಿಗೆ ಆಗುವ ಉರಿ ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಒಗರು ಬಹುಮಟ್ಟಿಗೆ ಸ್ಪರ್ಶದ ಅನುಭವ. ಆದರೂ ಈ ಆರರ ಪಟ್ಟಿಯಲ್ಲಿ ಉಮಾಮಿಗೆ ಪ್ರತ್ಯೇಕ ಸ್ಥಾನವಿಲ್ಲ.

ಹೆಸರಿಲ್ಲವೆಂದ ಮಾತ್ರಕ್ಕೆ ವಸ್ತು ಇಲ್ಲವೇ? ಕನ್ನಡ ನಾಡಿನ ಅಡಿಗೆಮನೆಯನ್ನೇ ನೋಡಬಹುದು. ‘ದಾಶಿ’ ಎಂಬ ಮಾತು ‘ದಾಸು’ ಎಂಬ ಕ್ರಿಯಾಪದದಿಂದ ಬಂದದ್ದು. ‘ಹೊರಗೆ ತೆಗೆ’ ಎಂದು ಅದರರ್ಥ. ಪದಾರ್ಥದ ಸಾರವನ್ನು ನೀರಿಗೆ ತೆಗೆದದ್ದು ದಾಶಿ. ಹಳೆಯ ಮೈಸೂರು ಸೀಮೆಯ ‘ಬಸ್ಸಾರು’ ಎಂಬ ಮಾತೂ ಹಾಗೆಯೇ ಹುಟ್ಟಿತು. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದು, ಬಸಿದ ನೀರಿನಿಂದ ಮಾಡಿದ ಸಾರು ಬಸ್ಸಾರು. ಉಳಿದ ಸೊಪ್ಪುಕಾಳು ಪಲ್ಯವಾಗುತ್ತದೆ. ಎರಡು ದೇಶಗಳ ಗೃಹಿಣಿಯರು ಒಬ್ಬರನ್ನೊಬ್ಬರು ಕಾಣದೆ, ಬೆಂದ ನೀರನ್ನು ಚೆಲ್ಲಬಾರದೆಂಬ ಒಂದೇ ವಿವೇಕಕ್ಕೆ ಬಂದಿದ್ದಾರೆ.

ಹುರುಳಿಕಟ್ಟಿನ ಸಾರಿನ ಕಥೆಯೂ ಅದೇ. ಹುರುಳಿಯನ್ನು ಬಹುಹೊತ್ತು ಬೇಯಿಸಿ ತೆಗೆದ ಕಟ್ಟನ್ನು ಬತ್ತಿಸಿದಷ್ಟೂ ರುಚಿ. ಮಾರನೆಯ ದಿನ ಮತ್ತೆ ಕುದಿಸಿದರೆ ಇನ್ನೂ ರುಚಿ. ಜಪಾನಿನ ಬೌದ್ಧ ಮಠಗಳಲ್ಲಿ ಮೀನು ಮಾಂಸ ನಿಷಿದ್ಧ. ಅಲ್ಲಿನ ‘ಶೋಜಿನ್’ ಅಡಿಗೆಯಲ್ಲಿ ಭಿಕ್ಷುಗಳು ಕೊಂಬು, ಒಣ ಅಣಬೆ, ಜೊತೆಗೆ ಸೋಯಾ ಕಾಳನ್ನು ನೆನೆಸಿ ದಾಶಿ ತೆಗೆಯುತ್ತಾರೆ. ಕಾಳಿನ ಕಟ್ಟಿನಿಂದ ಸಾರು ಮಾಡುವ ನಮ್ಮ ರೈತರ ಮನೆಗೂ ಆ ಮಠದ ಪಾಕಶಾಲೆಗೂ ದೂರ ಬಹಳವಿಲ್ಲ.

ಈ ರುಚಿಯ ಗುಟ್ಟು ಸರಳ. ಗ್ಲುಟಾಮಿಕ್ ಆಮ್ಲ ಎಲ್ಲ ಸಸಾರಜನಕ ಪದಾರ್ಥಗಳಲ್ಲೂ ಇದೆ. ಆದರೆ ಸಸಾರಜನಕದ ಸರಪಳಿಯಲ್ಲಿ ಬಂಧಿತವಾಗಿರುವಾಗ ನಾಲಗೆಗೆ ಗೊತ್ತಾಗುವುದಿಲ್ಲ. ಬಿಡಿಯಾಗಿ ನೀರಿಗೆ ಇಳಿದಾಗಲೇ ಅದಕ್ಕೆ ರುಚಿ. ಹಣ್ಣು ಮಾಗುವಾಗ, ಹಿಟ್ಟು ಹುದುಗುವಾಗ, ಮೀನು ಒಣಗುವಾಗ ಈ ಬಿಡುಗಡೆ ನಡೆಯುತ್ತದೆ. ಕಾಯಿ ಟೊಮೆಟೊಗಿಂತ ಹಣ್ಣು ಟೊಮೆಟೊದಲ್ಲಿ ಬಿಡಿ ಗ್ಲುಟಮೇಟು ಹಲವು ಪಟ್ಟು ಹೆಚ್ಚು. ಹಸಿ ಬಟಾಣಿ, ಮುಸುಕಿನ ಜೋಳ, ಈರುಳ್ಳಿ, ಆಲೂಗೆಡ್ಡೆಗಳಲ್ಲೂ ಅದು ಬೇರೆ ಬೇರೆ ಪ್ರಮಾಣದಲ್ಲಿದೆ. ಕರಾವಳಿಯವರ ಒಣಮೀನು, ಒಣಸೀಗಡಿಯ ಚಟ್ನಿ, ಮಲೆನಾಡಿನಲ್ಲಿ ಮಳೆ ಬಿದ್ದ ಮೇಲೆ ಎದ್ದ ಅಣಬೆಯ ಸಾರು ಇವೆಲ್ಲ ಉಮಾಮಿಯ ಕಣಜಗಳೇ. ದಕ್ಷಿಣ ಅಮೆರಿಕದಿಂದ ಬಂದ ಟೊಮೆಟೊ ನಮ್ಮ ಸಾರಿನಲ್ಲಿ ಇಷ್ಟು ಬೇಗ ಮನೆಯ ಮಗಳಾದುದಕ್ಕೆ ಅದರ ಹುಳಿಯೊಂದೇ ಕಾರಣವಲ್ಲವೆಂದು ಈಗ ಊಹಿಸಬಹುದು. ಹುಳಿಗೆ ಹುಣಿಸೆ ಇದ್ದೇ ಇತ್ತು!

ಇನ್ನೂ ಮನಮುಟ್ಟುವ ಸಂಗತಿಯೊಂದಿದೆ. ತಾಯಿಯ ಹಾಲಿನಲ್ಲಿರುವ ಬಿಡಿ ಅಮೈನೋ ಆಮ್ಲಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಗ್ಲುಟಮೇಟು. ಅನ್ನಪ್ರಾಶನದ ದಿನ ಮಗು ಮೊದಲ ಬಾರಿಗೆ ಪಾಯಸವನ್ನು ಚಪ್ಪರಿಸುವ ಮುಂಚೆಯೇ ಅದರ ನಾಲಗೆಗೆ ಉಮಾಮಿಯ ಪರಿಚಯವಾಗಿರುತ್ತದೆ.

ಪುಡಿಗೆ ಬಂದ ಅಪಕೀರ್ತಿ

ಇಷ್ಟು ಸಾತ್ತ್ವಿಕವಾದ ರುಚಿಯ ಹೆಸರು ಕೇಳಿದೊಡನೆ ಅನೇಕ ಗೃಹಿಣಿಯರು ಹುಬ್ಬು ಗಂಟಿಕ್ಕುವುದೇಕೆ? ಕಾರಣ ಬೀದಿಯ ಗೋಬಿ ಮಂಚೂರಿ ಗಾಡಿಯ ಮೇಲಿರುವ ಬಿಳಿಯ ಹರಳು. ‘ಟೇಸ್ಟಿಂಗ್ ಪೌಡರ್’ ಎಂದೂ ‘ಅಜಿನಮೋಟೊ’ ಎಂದೂ ಅದನ್ನು ಕರೆಯುವುದುಂಟು. ಇಕೆದಾ ತಮ್ಮ ಶೋಧನೆಗೆ ಹಕ್ಕುಪತ್ರ ಪಡೆದ ಮೇಲೆ, 1909ರಲ್ಲಿ ಸಬುರೋಸುಕೆ ಸುಜುಕಿ ಎಂಬ ಉದ್ಯಮಿ ಅದನ್ನು ಮಾರುಕಟ್ಟೆಗೆ ತಂದ ಹೆಸರು ಅದು. ‘ರುಚಿಯ ಮೂಲ’ ಎಂದು ಅರ್ಥ. ರಸಾಯನಶಾಸ್ತ್ರದಲ್ಲಿ ಅದು ಮೊನೊಸೋಡಿಯಂ ಗ್ಲುಟಮೇಟ್. ಮೊದಲು ಗೋಧಿಯ ಅಂಟಿನಿಂದ ತೆಗೆಯುತ್ತಿದ್ದರು. 1950ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಗ್ಲುಟಾಮಿಕ್ ಆಮ್ಲವನ್ನು ಉತ್ಪಾದಿಸುವ ಸೂಕ್ಷ್ಮಜೀವಿಯೊಂದನ್ನು ಕಂಡುಕೊಂಡ ಮೇಲೆ, ಕಬ್ಬಿನ ಕಾಕಂಬಿ, ಮರಗೆಣಸು, ಜೋಳದ ಪಿಷ್ಟಗಳನ್ನು ಹುದುಗಿಸಿ ತಯಾರಿಸುವ ಪದ್ಧತಿ ಬಂದಿತು.

ಅಪಕೀರ್ತಿ ಹುಟ್ಟಿದ್ದು 1968ರ ಏಪ್ರಿಲಿನಲ್ಲಿ. ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದರಲ್ಲಿ ರಾಬರ್ಟ್ ಹೋ ಮನ್ ಕ್ವೋಕ್ ಎಂಬ ವೈದ್ಯರ ಪತ್ರ ಪ್ರಕಟವಾಯಿತು. ಚೀನೀ ಹೋಟೆಲಿನಲ್ಲಿ ಉಂಡ ಮೇಲೆ ಕುತ್ತಿಗೆಯ ಹಿಂಭಾಗ ಜೋಮು ಹಿಡಿದು, ನಿಶ್ಶಕ್ತಿಯಾಗಿ, ಎದೆ ಹೊಡೆದುಕೊಳ್ಳುತ್ತದೆಂದು ಅವರು ಬರೆದಿದ್ದರು. ಕಾರಣ ಸಾಸಿನಲ್ಲಿಯೋ, ಅಡಿಗೆಯ ಮದ್ಯದಲ್ಲಿಯೋ, ಉಪ್ಪಿನಲ್ಲಿಯೋ, ಈ ಪುಡಿಯಲ್ಲಿಯೋ ಎಂಬುದು ಅವರ ಸಂದೇಹ. ಉಳಿದವು ಮರೆತುಹೋಗಿ, ಅಪರಾಧವೆಲ್ಲ ಪುಡಿಯ ತಲೆಗೆ ಕಟ್ಟಿತು. ‘ಚೀನೀ ಹೋಟೆಲಿನ ಬೇನೆ’ ಎಂಬ ಹೆಸರು ನಿಂತಿತು.

ಮುಂದೆ ಪರೀಕ್ಷೆಗಳು ನಡೆದವು. ಈ ಪುಡಿ ತಮಗೆ ಆಗದೆಂದು ತಾವೇ ಹೇಳಿಕೊಂಡ 130 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದು 2000ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಯಾರಿಗೆ ಪುಡಿ ಕೊಟ್ಟಿದೆ, ಯಾರಿಗೆ ಕೊಟ್ಟಿಲ್ಲ ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯದಂತೆ ಏರ್ಪಾಡು ಮಾಡಲಾಗಿತ್ತು. ಬರಿಹೊಟ್ಟೆಯಲ್ಲಿ 5 ಗ್ರಾಂನಷ್ಟು ದೊಡ್ಡ ಪ್ರಮಾಣ ಕೊಟ್ಟಾಗ ಕೆಲವರಿಗೆ ತೊಂದರೆ ಕಂಡಿತಾದರೂ, ಮತ್ತೆ ಮತ್ತೆ ಪರೀಕ್ಷಿಸಿದಾಗ ಅದು ಒಂದೇ ರೀತಿ ಮರುಕಳಿಸಲಿಲ್ಲ. ಅಮೆರಿಕದ ಆಹಾರ ಆಡಳಿತ ಇದನ್ನು ಸಾಮಾನ್ಯವಾಗಿ ಸುರಕ್ಷಿತವಾದ ವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆ 2017ರಲ್ಲಿ, ದಿನಕ್ಕೆ ದೇಹತೂಕದ ಒಂದು ಕಿಲೋಗೆ 30 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸಿತು. ಅಂದರೆ ವಿಷವೂ ಅಲ್ಲ, ಸೌಟಿನಲ್ಲಿ ಸುರಿಯುವಂಥದೂ ಅಲ್ಲ.

ಬೀದಿಯ ಗೋಬಿಯ ವಿಷಯದಲ್ಲಿ ಅಂಜಬೇಕಾದ ಕಾರಣಗಳು ಬೇರೆ ಇವೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆ ಕೆಂಪು ಬಣ್ಣಕ್ಕೂ ಬಿಳಿಯ ಪುಡಿಗೂ ಸಂಬಂಧವಿಲ್ಲ. ಆದರೆ ಇನ್ನೊಂದು ಮಾತು ನಿಜ: ಹಳಸಲು ಎಣ್ಣೆ, ಕಳಪೆ ತರಕಾರಿಯ ದೋಷವನ್ನು ಮುಚ್ಚಲು ಪುಡಿಯನ್ನು ಪರದೆಯಂತೆ ಬಳಸುವವರಿದ್ದಾರೆ. ಮೋಸ ಪರದೆಯದಲ್ಲ, ಅದನ್ನು ಎಳೆದ ಕೈಯದು.

ಉಪ್ಪಿನ ಲೆಕ್ಕ

ಜಾಲಹಳ್ಳಿಯ ಆ ಮನೆಯ ಸೊಸೆಗೆ ಇದರಿಂದ ಆಗುವ ಪ್ರಯೋಜನವೇನು? ಲೆಕ್ಕ ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಮೆ ಉಪ್ಪು ಸಾಕೆನ್ನುತ್ತದೆ; ಅದು ಸುಮಾರು ಒಂದು ಚಹಾ ಚಮಚ. ರಕ್ತದ ಒತ್ತಡಕ್ಕೆ ಕಂಟಕವಾದದ್ದು ಉಪ್ಪಿನೊಳಗಿನ ಸೋಡಿಯಂ. ಉಪ್ಪನ್ನು ಕಡಮೆ ಮಾಡಿದರೆ ರುಚಿ ಕುಸಿಯುತ್ತದೆ. ಆದರೆ ಉಮಾಮಿ ಧಾರಾಳವಾಗಿದ್ದರೆ ಕುಸಿತ ಅಷ್ಟು ತಿಳಿಯುವುದಿಲ್ಲ. 1984ರಲ್ಲಿ ಜಪಾನಿನ ಸಂಶೋಧಕರು ತಿಳಿಸಾರಿನ ಮೇಲೆ ಪ್ರಯೋಗ ಮಾಡಿ, ಉಮಾಮಿ ಇದ್ದ ಸಾರಿನಲ್ಲಿ ಉಪ್ಪನ್ನು ಗಣನೀಯವಾಗಿ ಇಳಿಸಿದರೂ ಜನರು ಅದನ್ನು ಮೆಚ್ಚಿದರೆಂದು ತೋರಿಸಿದರು. ಉಮಾಮಿ ಬಾಯಲ್ಲಿ ನೀರೂರಿಸುತ್ತದೆ, ನಾಲಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ವಯಸ್ಸಾದಂತೆ ಬಾಯಿ ಒಣಗುವವರಿಗೆ ಇದೊಂದು ಉಪಕಾರ.

ಪುಡಿಯಲ್ಲಿಯೂ ಸೋಡಿಯಂ ಇದೆಯೆಂಬುದನ್ನು ಮರೆಯಬಾರದು. ಅಡಿಗೆಯ ಉಪ್ಪಿನಲ್ಲಿ ಅದು ನೂರಕ್ಕೆ 39 ಭಾಗವಾದರೆ ಪುಡಿಯಲ್ಲಿ ಸುಮಾರು 12 ಭಾಗ. ಉಪ್ಪನ್ನು ಹಾಗೆಯೇ ಉಳಿಸಿ ಮೇಲೆ ಪುಡಿಯನ್ನೂ ಉದುರಿಸಿದರೆ ಲಾಭದ ಬದಲು ನಷ್ಟವೇ. ಪುಡಿಯ ಗೊಡವೆ ಬೇಡವೆನ್ನುವವರಿಗೂ ದಾರಿಯಿದೆ, ಅದು ಅಜ್ಜಿಯ ದಾರಿ. ಹೆಚ್ಚು ಮಾಗಿದ ಟೊಮೆಟೊಗಳನ್ನು ಮೊದಲು ಚೆನ್ನಾಗಿ ಬಾಡಿಸಿಕೊಳ್ಳುವುದು. ಕಾಳು ಬೆಂದ ನೀರನ್ನು ಚೆಲ್ಲದೆ ಕಟ್ಟಾಗಿ ಬಳಸುವುದು. ತಿನ್ನುವ ಪದ್ಧತಿ ಇರುವ ಮನೆಗಳಲ್ಲಿ ಒಂದು ಹಿಡಿ ಅಣಬೆಯನ್ನು ಸಾರಿಗೆ ಸೇರಿಸುವುದು. ಕಡೆಗೆ ಇಳಿಸುವ ಹೊತ್ತಿಗೆ ಉಪ್ಪು ಹಾಕಿ, ರುಚಿ ನೋಡಿ ನಿಲ್ಲಿಸುವುದು. ರೋಗಿಗೆ ಎಷ್ಟು ಉಪ್ಪು ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಟೊಮೆಟೊ, ಕಾಳುಗಳಿಗೂ ಮಿತಿ ಇರುವುದುಂಟು.

ಸೊಗಡು ಎಂಬ ನಮ್ಮ ಮಾತು

ಜಪಾನೀಯರಿಗೆ ಉಮೈ ಇದ್ದಂತೆ ಕನ್ನಡಿಗರಿಗೆ ‘ಸೊಗಡು’ ಇದೆ. ಮಾಗಿಯ ಚಳಿಯಲ್ಲಿ ಬೆಂಗಳೂರಿನ ಬೀದಿಗಳಿಗೆ ಅವರೆಕಾಯಿಯ ರಾಶಿ ಬಂದಾಗ, ಕೊಳ್ಳುವವರು ಒಂದು ಕಾಯಿಯನ್ನು ಮುರಿದು ಮೂಗಿಗೆ ಹಿಡಿದು “ಸೊಗಡಿದೆಯೇ?” ಎಂದು ಕೇಳುತ್ತಾರೆ. ಆ ಮಾತನ್ನು ಬೇರೆ ಭಾಷೆಗೆ ಮಾಡಲು ಹೊರಟವರು ಸೋಲುತ್ತಾರೆ. ಸೊಗಡು ಮೂಗಿಗೆ ಸೇರಿದ್ದು, ಉಮಾಮಿ ನಾಲಗೆಗೆ ಸೇರಿದ್ದು. ಆ ವ್ಯತ್ಯಾಸ ಇದೆ. ಆದರೆ ಎರಡೂ ಪದಗಳು ಅಡಿಗೆಮನೆಯ ಹೊಸ್ತಿಲನ್ನು ದಾಟಿದವು. ಉಮೈ ಕುಶಲಿಗನ ಕೈಯನ್ನು ಹೊಗಳಿತು; ಸೊಗಡು ನುಡಿಯ ಸೊಗಡಾಯಿತು, ಮಣ್ಣಿನ ಸೊಗಡಾಯಿತು. ಒಂದು ಜನಾಂಗ ತಾನು ಹೆಚ್ಚು ಪ್ರೀತಿಸುವ ರುಚಿಗೆ ಪದ ಕಟ್ಟುತ್ತದೆ, ಆಮೇಲೆ ಆ ಪದದಿಂದಲೇ ಲೋಕವನ್ನು ಅಳೆಯುತ್ತದೆ.

ಇಕೆದಾರ ದೊಡ್ಡತನವಿರುವುದು ಹರಳುಗಳಲ್ಲಿ ಮಾತ್ರವಲ್ಲ. ಊಟದ ನಡುವಿನ ಸಾಮಾನ್ಯ ಉದ್ಗಾರವೊಂದನ್ನು ಕಿವಿಗೊಟ್ಟು ಕೇಳಿದುದರಲ್ಲಿದೆ. ನಮ್ಮ ಅಡಿಗೆಮನೆಗಳಲ್ಲಿ ‘ಏನೋ ಸಾಲದು’ ಎಂಬ ಮಾತು ದಿನವೂ ಹುಟ್ಟುತ್ತದೆ, ಸಾರು ಇಳಿಸುವ ಹೊತ್ತಿಗೆ ಮರೆತುಹೋಗುತ್ತದೆ. ಆ ‘ಏನೋ’ ಎಂಬುದರ ಹಿಂದೆ ನಾಲಗೆಯ ಒಂದು ಸತ್ಯವಿತ್ತು.

ಜಾಲಹಳ್ಳಿಯ ಆ ಮನೆಗೆ ಮರಳಿ ಬರಬಹುದು. ಮರುದಿನ ಸೊಸೆ ಹುರುಳಿಯನ್ನು ಬೇಯಿಸಿ ಕಟ್ಟು ತೆಗೆಯುತ್ತಾಳೆ. ಚೆನ್ನಾಗಿ ಮಾಗಿದ ನಾಲ್ಕು ಟೊಮೆಟೊಗಳು ಬಾಣಲೆಯಲ್ಲಿ ಬಾಡಿ ಬಣ್ಣ ತಿರುಗುತ್ತವೆ. ಉಪ್ಪು ಡಾಕ್ಟರು ಹೇಳಿದಷ್ಟೇ. ಅಂಗೈಯ ಎರಡು ಹನಿಯನ್ನು ಸವಿದ ಅತ್ತೆ ಈ ಬಾರಿ ಕಣ್ಣು ಮುಚ್ಚುವುದಿಲ್ಲ.

“ಈಗ ಸರಿಹೋಯಿತು ಕಣಮ್ಮಾ. ಮಾವನವರನ್ನು ಊಟಕ್ಕೆ ಕರೆ.”

ಮಣಿಕಟ್ಟಿನ ಹಳೆಯ ‘ಜನತಾ’ವನ್ನು ಬಿಚ್ಚಿ ಕಿಟಕಿಯ ಮೇಲಿಟ್ಟು ಅವರು ತಟ್ಟೆಯ ಮುಂದೆ ಕೂರುತ್ತಾರೆ. ಹೊಗಳಿಕೆಯ ಮಾತು ಅವರ ಬಾಯಿಂದ ಬರುವುದಿಲ್ಲ. ಅದು ಅವರ ಸ್ವಭಾವವಲ್ಲ. ಸ್ವಲ್ಪ ಹೊತ್ತಿನ ಮೇಲೆ ಅನ್ನದ ನಡುವೆ ಗುಂಡಿ ಮಾಡಿ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾರೆ.

“ಇನ್ನೊಂದು ಸೌಟು ಹಾಕಮ್ಮಾ.”